ತೆರೆಯದ ಫೈಲಿನಲ್ಲಿ ಏನಿದೆ?

ಹಳೆಯ ಪ್ರೆಸೆಂಟೇಶನ್ ಫೈಲ್ ತೆರೆಯುತ್ತಿಲ್ಲ ಎಂಬ ಒಂದೇ ದೂರಿನೊಳಗೆ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ. ಮೊದಲನೆಯದರಲ್ಲಿ ಕಂಪ್ಯೂಟರ್ ಆ ಫೈಲನ್ನು ಒಪ್ಪುವುದೇ ಇಲ್ಲ. ಎಚ್ಚರಿಕೆಯ ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ಎರಡನೆಯದರಲ್ಲಿ ಫೈಲ್ ತೆರೆಯುತ್ತದೆ, ಸ್ಲೈಡುಗಳೂ ಬರುತ್ತವೆ. ಆದರೆ ಕನ್ನಡವಿದ್ದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳು, ವಿಡಿಯೊ ಇದ್ದ ಕಡೆ ಖಾಲಿ ಚೌಕ. ಮೂರನೆಯದರಲ್ಲಿ ಒಳಗಿದ್ದದ್ದು ನಿಜವಾಗಿಯೇ ಹೋಗಿರುತ್ತದೆ. ಬಳಸುವವರು ಮಾತ್ರ ಮೂರಕ್ಕೂ ‘ಫೈಲ್ ಕರಪ್ಟ್ ಆಗಿದೆ’ ಎಂಬ ಒಂದೇ ತೀರ್ಪು ಕೊಟ್ಟುಬಿಡುತ್ತಾರೆ. ಕಾಣದ್ದನ್ನು ಇಲ್ಲವೆನ್ನಬಹುದೇ, ದೋಷ ಇರುವುದು ವಸ್ತುವಿನಲ್ಲೋ ಅದನ್ನು ಕಾಣಿಸುವ ಸಾಧನದಲ್ಲೋ, ರೂಪ ಬದಲಾದ ಮೇಲೆ ಉಳಿದದ್ದು ಮೊದಲಿನದೇ ವಸ್ತುವೇ ಎಂಬ ಪ್ರಶ್ನೆಗಳು ಈ ತೀರ್ಪಿನ ಬೆನ್ನಿಗಿವೆ. ಇವು ಭಾರತೀಯ ದರ್ಶನಗಳಲ್ಲಿ ಶತಮಾನಗಳ ಕಾಲ ವಾದಕ್ಕೆ ಬಂದ ಪ್ರಶ್ನೆಗಳೇ. ಹಾಸನ ಜಿಲ್ಲೆಯಲ್ಲಿ ಅವುಗಳಿಗೆ ಎರಡು ಗಟ್ಟಿ ನೆಲೆಗಳಿವೆ. ಒಂದು, ಶಂಕರ ವೇದಾಂತದ ಹೊಳೆನರಸೀಪುರ. ಇನ್ನೊಂದು, ಚನ್ನರಾಯಪಟ್ಟಣ ತಾಲ್ಲೂಕಿನ ಜೈನಕ್ಷೇತ್ರ ಶ್ರವಣಬೆಳಗೊಳ.

ಮೊದಲು ಫೈಲಿನ ಸ್ವರೂಪ. ಪವರ್‌ಪಾಯಿಂಟ್ 1987ರಲ್ಲಿ ಬಂತು. ಆರಂಭದಲ್ಲಿ ಅದು ಮ್ಯಾಕಿಂಟಾಶ್ ಕಂಪ್ಯೂಟರಿಗೆ ಮಾತ್ರ ಇದ್ದ ತಂತ್ರಾಂಶ. ವಿಂಡೋಸ್ ಆವೃತ್ತಿ 1990ರದು. 1997ರ ಆವೃತ್ತಿಯೊಂದಿಗೆ ಬಂದ ಪಿಪಿಟಿ ರೂಪ ಹತ್ತು ವರ್ಷ ನಡೆಯಿತು. 2007ರ ಆವೃತ್ತಿ ಪಿಪಿಟಿಎಕ್ಸ್ ಎಂಬ ಹೊಸ ರೂಪವನ್ನು ತಂದಿತು. 2007ಕ್ಕೆ ಮುನ್ನ ಹಾಸನದ ಕಾಲೇಜುಗಳಲ್ಲಾಗಲಿ, ಅರಕಲಗೂಡಿನ ಶಾಲೆಗಳಲ್ಲಾಗಲಿ, 2006ರ ಮಹಾಮಸ್ತಕಾಭಿಷೇಕದ ಹೊತ್ತಿನಲ್ಲಿ ಶ್ರವಣಬೆಳಗೊಳದಲ್ಲಾಗಲಿ ಯಾರಾದರೂ ಪವರ್‌ಪಾಯಿಂಟ್‌ನಲ್ಲಿ ಸ್ಲೈಡುಗಳನ್ನು ಮಾಡಿದ್ದರೆ ಅವು ಹಳೆಯ ರೂಪದಲ್ಲೇ ಇರಬೇಕು. 1997ಕ್ಕಿಂತ ಹಿಂದಿನ ರೂಪಗಳನ್ನು ಇಂದಿನ ಪವರ್‌ಪಾಯಿಂಟ್ ತೆರೆಯುವುದಿಲ್ಲ. ಫೈಲ್ ಕೆಟ್ಟಿದೆ ಎಂಬುದು ಅದಕ್ಕೆ ಕಾರಣವಲ್ಲ. ಆ ರೂಪವನ್ನು ಓದುವ ಭಾಗವನ್ನೇ ಹೊಸ ತಂತ್ರಾಂಶದಿಂದ ತೆಗೆದುಹಾಕಲಾಗಿದೆ.

ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗುವುದು ಯಾವಾಗ? ಕುಮಾರಿಲ ಭಟ್ಟನ ಮೀಮಾಂಸಕರೂ ಅವರನ್ನು ಈ ವಿಷಯದಲ್ಲಿ ಒಪ್ಪಿದ ಅದ್ವೈತಿಗಳೂ ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಆರನೆಯ ಪ್ರಮಾಣವೆಂದು ಎಣಿಸಿದರು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂಬ ಜ್ಞಾನ ಹುಟ್ಟುತ್ತದೆ. ಈ ಜ್ಞಾನ ಪ್ರತ್ಯಕ್ಷದಿಂದ ಬಂದದ್ದಲ್ಲ, ಕಾಣದಿರುವಿಕೆಯಿಂದಲೇ ಬಂದದ್ದು ಎಂಬುದು ಅವರ ವಾದ. ನೈಯಾಯಿಕರು ಅದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಲಿಲ್ಲ. ಆದರೆ ಎರಡೂ ಕಡೆಯವರು ಒಂದು ಷರತ್ತನ್ನು ಬಿಗಿಯಾಗಿ ಹಿಡಿದರು: ಆ ಅನುಪಲಬ್ಧಿ ಯೋಗ್ಯವಾಗಿರಬೇಕು. ಗಡಿಗೆ ಅಲ್ಲಿದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿ ಇರಬೇಕು. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲ ಎಂಬುದು ಏನನ್ನೂ ಸಾಧಿಸುವುದಿಲ್ಲ. ಕಣ್ಣಿಗೆ ಎಂದೂ ಗೋಚರಿಸದ ಧರ್ಮಾಧರ್ಮಗಳು ಕಾಣುವುದಿಲ್ಲ ಎಂಬ ಕಾರಣಕ್ಕೆ ಅವು ಇಲ್ಲವೆಂದೂ ಹೇಳಲಾಗದು.

ಫೈಲ್ ರಿಪೇರಿಯ ಕೆಲಸವೆಲ್ಲ ಈ ಯೋಗ್ಯತೆಯನ್ನು ಹೊಂದಿಸುವ ಕೆಲಸವೇ. ಮೊದಲು ಫೈಲಿನ ಪ್ರತಿ ತೆಗೆದು ಮೂಲವನ್ನು ಮುಟ್ಟದೆ ಇಡಬೇಕು. ಇಮೇಲಿನಲ್ಲಿ ಅಥವಾ ಅಂತರ್ಜಾಲದಿಂದ ಬಂದ ಫೈಲಿಗೆ ವಿಂಡೋಸ್ ಒಂದು ಗುರುತು ಹಚ್ಚುತ್ತದೆ, ಅದರಿಂದಲೇ ಕೆಲವು ಫೈಲುಗಳು ತಡೆಹಿಡಿಯಲ್ಪಡುತ್ತವೆ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಒತ್ತಿದರೆ ಆ ತಡೆ ಹೋಗುತ್ತದೆ. ಪವರ್‌ಪಾಯಿಂಟ್ ಒಪ್ಪದಿದ್ದರೆ ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ತೆರೆದು ನೋಡುವುದು. ಇಲ್ಲವೇ ಹೊಸದೊಂದು ಖಾಲಿ ಪ್ರೆಸೆಂಟೇಶನ್ ತೆರೆದು ‘ರೀಯೂಸ್ ಸ್ಲೈಡ್ಸ್’ ಮೂಲಕ ಹಳೆಯದರ ಸ್ಲೈಡುಗಳನ್ನು ಎಳೆದುಕೊಳ್ಳುವುದು. ಇಷ್ಟೂ ಆಗದಿದ್ದಾಗ ಹೆಕ್ಸ್ ಎಡಿಟರ್‌ನಲ್ಲಿ ಫೈಲಿನ ಮೊದಲ ಬೈಟುಗಳನ್ನು ನೋಡಬೇಕು. ಅಲ್ಲಿ ಡಿ-ಸೊನ್ನೆ, ಸಿ-ಎಫ್, ಒಂದು-ಒಂದು, ಇ-ಸೊನ್ನೆ ಎಂಬ ಸಾಲಿದ್ದರೆ ಅದು ಹಳೆಯ ಮೈಕ್ರೋಸಾಫ್ಟ್ ಪೆಟ್ಟಿಗೆ. ಪಿ ಮತ್ತು ಕೆ ಎಂಬ ಎರಡು ಅಕ್ಷರಗಳಿದ್ದರೆ ಅದು ಜಿಪ್, ಹೆಚ್ಚಾಗಿ ಪಿಪಿಟಿಎಕ್ಸ್. ಹೆಸರಿನ ಕೊನೆಯಲ್ಲಿ ಪಿಪಿಟಿ ಎಂದಿದ್ದು ಒಳಗೆ ಪಿಕೆ ಇದ್ದರೆ ಯಾರೋ ಹೆಸರನ್ನಷ್ಟೇ ಬದಲಿಸಿದ್ದಾರೆ ಎಂದು ತಿಳಿಯುತ್ತದೆ. ಪಿಪಿಟಿಎಕ್ಸ್ ಎಂದಿದ್ದೂ ಹಳೆಯ ಪೆಟ್ಟಿಗೆಯ ಗುರುತು ಸಿಕ್ಕರೆ ಅದಕ್ಕೆ ಪಾಸ್‌ವರ್ಡ್ ಹಾಕಿರುವ ಸಂಭವ ಹೆಚ್ಚು. ಮೊದಲಿನಿಂದ ಕೊನೆಯವರೆಗೆ ಬರೀ ಸೊನ್ನೆಗಳೇ ಇದ್ದರೆ, ಅಥವಾ ಗಾತ್ರವೇ ಸೊನ್ನೆ ಬೈಟ್ ಎಂದಿದ್ದರೆ, ಈ ಫೈಲಿನಲ್ಲಿ ಏನೂ ಇಲ್ಲ ಎಂಬ ಮಾತಿಗೆ ಆಗ ಮೊದಲ ಬಾರಿಗೆ ಪ್ರಮಾಣ ಸಿಕ್ಕಂತೆ. ಅದಕ್ಕೆ ಮುನ್ನ ಪರದೆಯ ಮೇಲೆ ಬಂದ ಎಚ್ಚರಿಕೆ ಕತ್ತಲೆಯಲ್ಲಿ ಕಾಣದ ಗಡಿಗೆಯಷ್ಟೇ ಬೆಲೆಯುಳ್ಳದ್ದು.

ಎರಡನೆಯ ಸ್ಥಿತಿ ದಾರ್ಶನಿಕವಾಗಿ ಹೆಚ್ಚು ಫಲವತ್ತಾದದ್ದು. ಕನ್ನಡಿಗರಿಗೆ ಅತಿ ಹೆಚ್ಚು ಎದುರಾಗುವುದೂ ಅದೇ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಸ್ಲೈಡುಗಳು ನುಡಿ, ಬರಹ, ಶ್ರೀಲಿಪಿ, ಆಕೃತಿಗಳಂಥ ತಂತ್ರಾಂಶಗಳ ಫಾಂಟುಗಳಲ್ಲಿ ತಯಾರಾಗುತ್ತಿದ್ದವು. ಆ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ನುಡಿಯಲ್ಲಿ ‘ಕನ್ನಡ’ ಎಂದು ಟೈಪು ಮಾಡಿದರೆ ಫೈಲಿನೊಳಗೆ ಏಳು ಸಂಕೇತಗಳು ಕೂರುತ್ತವೆ. ದೊಡ್ಡ ಪಿ ಅಕ್ಷರ ಕಕಾರದ ಒಡಲು. ಅದರ ನಂತರ ತಲೆಯ ಮೇಲೆ ಓರೆಗೆರೆಯಿರುವ ಎ, ಅದು ತಲೆಕಟ್ಟು. ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಅದು ನಕಾರ. ಮತ್ತೆ ಅದೇ ಎ. ಅನಂತರ ಜರ್ಮನ್ ಭಾಷೆಯ ಜೋಡಿ ಎಸ್, ಅದು ನಕಾರದ ಒತ್ತು. ಕೊನೆಗೆ ಸಣ್ಣ ಕ್ಯೂ ಡಕಾರವಾಗಿ, ಮತ್ತೊಂದು ಎ ಅದರ ತಲೆಕಟ್ಟಾಗಿ. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಇದು ಕನ್ನಡ. ಇಲ್ಲದ ಕಂಪ್ಯೂಟರಿನಲ್ಲಿ ಪಿ, ಎ, ಪೌಂಡು, ಎ, ಎಸ್, ಕ್ಯೂ, ಎ. ಫೈಲಿನ ಒಂದು ಬೈಟೂ ಬದಲಾಗಿಲ್ಲ.

ಒಂದರ ಧರ್ಮವನ್ನು ಇನ್ನೊಂದರ ಮೇಲೆ ಹೊರಿಸುವುದನ್ನು ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ ಅಧ್ಯಾಸವೆಂದು ಕರೆದು, ಕಪ್ಪೆಚಿಪ್ಪು ಬೆಳ್ಳಿಯಾಗಿ ತೋರುವ, ಒಬ್ಬ ಚಂದ್ರ ಇಬ್ಬರಾಗಿ ತೋರುವ ನಿದರ್ಶನಗಳನ್ನು ಕೊಟ್ಟರು. ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿರುವುದು ಕಂಪ್ಯೂಟರಿನ ಧರ್ಮ. ಅದನ್ನು ಫೈಲಿನ ಮೇಲೆ ಹೊರಿಸಿ ಫೈಲ್ ಕೆಟ್ಟಿದೆ ಎನ್ನುವುದು ಲಕ್ಷಣಕ್ಕೆ ಸರಿಯಾಗಿ ಹೊಂದುವ ಅಧ್ಯಾಸ. ಗೀತೆಯ 13ನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು ಇನ್ನೂ ಸೂಕ್ಷ್ಮವಾದ ಮಾತೊಂದನ್ನು ಆಡಿದ್ದಾರೆ. ತಿಮಿರವೆಂಬ ರೋಗ ಬಂದವನಿಗೆ ವಸ್ತುಗಳು ತಪ್ಪಾಗಿ ಕಾಣುತ್ತವೆ. ಆ ದೋಷ ನೋಡುವ ಆತ್ಮನದಲ್ಲ, ಕಣ್ಣೆಂಬ ಕರಣದ್ದು. ಕಣ್ಣಿಗೆ ಚಿಕಿತ್ಸೆ ಮಾಡಿದಾಗ ಅದು ಹೋಗುವುದೇ ಇದಕ್ಕೆ ಸಾಕ್ಷಿ. ತಿಳಿಯದಿರುವುದು, ಸಂಶಯಪಡುವುದು, ತಪ್ಪಾಗಿ ತಿಳಿಯುವುದು ಎಂಬ ಅವಿದ್ಯೆಯ ಮೂರು ಬಗೆಗಳನ್ನೂ ಅವರು ಅಲ್ಲೇ ಎಣಿಸುತ್ತಾರೆ. ಫೈಲ್ ತೆರೆಯದೆ ಕೂತವರು ಹಾದುಹೋಗುವ ಹಂತಗಳೂ ಇವೇ: ಇದೇನೆಂದು ತಿಳಿಯದು, ಹಾಳಾಗಿದೆಯೋ ಏನೋ ಎಂಬ ಅನುಮಾನ, ಹಾಳಾಗಿದೆ ಎಂಬ ತಪ್ಪು ನಿಶ್ಚಯ. ಫೈಲ್ ಡಿಲೀಟ್ ಆಗುವುದು ಸಾಮಾನ್ಯವಾಗಿ ಈ ಮೂರನೆಯ ಹಂತದಲ್ಲಿ. ವಸ್ತುವಿಗೆ ತಟ್ಟದ ದೋಷವನ್ನು ವಸ್ತುವಿನದೆಂದು ನಂಬಿ ಒಳ್ಳೆಯ ಫೈಲನ್ನು ಕೈಯಾರೆ ಅಳಿಸುವುದು ನೋವಿನ ಸಂಗತಿ.

ಈ ಭಾಷ್ಯಗಳನ್ನೆಲ್ಲ ಕನ್ನಡಕ್ಕೆ ತಂದವರು ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು. ಪೂರ್ವಾಶ್ರಮದಲ್ಲಿ ವೈ. ಸುಬ್ಬರಾಯರಾಗಿದ್ದ ಅವರು 1880ರಲ್ಲಿ ಹುಟ್ಟಿದರು. 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಕಟ್ಟಿದರು. ಮುಂದೆ ಅದು ಹೊಳೆನರಸೀಪುರದಲ್ಲಿ ನೆಲೆಯೂರಿತು. 1948ರಲ್ಲಿ ಸಂನ್ಯಾಸ ಪಡೆದು, 1975ರಲ್ಲಿ ಸಿದ್ಧಿ ಹೊಂದುವವರೆಗೂ ಬರೆಯುತ್ತಲೇ ಇದ್ದರು. ಅವರ ಬಾಳಿನ ದೊಡ್ಡ ವಾದ ಮೂಲಾವಿದ್ಯೆಯನ್ನು ಕುರಿತದ್ದು. ಶಂಕರರ ನಂತರದ ವಿವರಣ ಪ್ರಸ್ಥಾನದವರು ಅಧ್ಯಾಸದ ಹಿಂದೆ ಅದಕ್ಕೆ ಉಪಾದಾನ ಕಾರಣವಾಗಿ ಭಾವರೂಪದ ಒಂದು ಮೂಲ ಅವಿದ್ಯೆ ಇದೆಯೆಂದರು. ಅಂಥದ್ದೊಂದು ವಸ್ತುವನ್ನು ಶಂಕರರು ಹೇಳಿಯೇ ಇಲ್ಲ, ಅಧ್ಯಾಸವನ್ನೇ ಅವರು ಅವಿದ್ಯೆಯೆಂದು ಕರೆದರು ಎಂಬುದು ಸ್ವಾಮಿಗಳ ನಿಲುವು. 1929ರಲ್ಲಿ ಪ್ರಕಟವಾದ ‘ಮೂಲಾವಿದ್ಯಾನಿರಾಸ’ ಈ ವಾದದ ಗ್ರಂಥ.

ಫಾಂಟಿನ ನಿದರ್ಶನವನ್ನು ಈ ವಾದದ ಮುಂದಿಟ್ಟರೆ ಅದು ಎರಡೂ ಕಡೆಗೆ ಎಳೆಯುತ್ತದೆ. ನುಡಿ ಫಾಂಟ್ ಇಲ್ಲದಿರುವುದು ಒಂದು ಅಭಾವ. ಬರೀ ಅಭಾವದಿಂದ ಪರದೆಯ ಮೇಲೆ ಪೌಂಡಿನ ಚಿಹ್ನೆ ಮೂಡಲಾರದು. ಅದನ್ನು ಮೂಡಿಸುವುದು ನುಡಿಯ ಜಾಗಕ್ಕೆ ತಾನಾಗಿ ಬಂದು ಕೂತ ಮತ್ತೊಂದು ಫಾಂಟ್, ಅಂದರೆ ಭಾವರೂಪದ ಒಂದು ವಸ್ತು. ಮುಚ್ಚುವುದು ಒಂದು, ಇಲ್ಲದ್ದನ್ನು ತೋರಿಸುವುದು ಇನ್ನೊಂದು. ಎರಡನೆಯದಕ್ಕೆ ಕಾರಣವಾದ ವಸ್ತು ಬೇಕು ಎಂದು ವಿವರಣದವರು ವಾದಿಸಿದ್ದು ಹೀಗೆಯೇ. ನಿದರ್ಶನದ ಮಟ್ಟಿಗೆ ಅವರ ಕೈ ಮೇಲಾಗುತ್ತದೆ ಎಂದು ಒಪ್ಪಬೇಕು. ಆದರೆ ಸ್ವಾಮಿಗಳ ಪಕ್ಷ ಇದರಿಂದ ಬಿದ್ದುಹೋಗುವುದಿಲ್ಲ. ಕಾರಣ, ಕಾರ್ಯ ಎಂಬ ವಿಭಾಗವೇ ಅಧ್ಯಾಸದ ಒಳಗಿನದು, ಅಧ್ಯಾಸಕ್ಕೇ ಕಾರಣ ಕೇಳುವುದು ಸಲ್ಲದು ಎಂಬುದು ಅವರ ಉತ್ತರ. ಫಾಂಟಿನ ವಿಚಾರದಲ್ಲಿ ಕಂಪ್ಯೂಟರ್, ಫೈಲ್, ಕಾರಣ, ಕಾರ್ಯ ಎಲ್ಲವೂ ಮೊದಲೇ ಸಿದ್ಧವಾಗಿ ನಿಂತಿವೆ. ಆತ್ಮವಿಚಾರದಲ್ಲಿ ಆ ಅನುಕೂಲವಿಲ್ಲ. ವ್ಯವಹಾರದ ಒಳಗಿನ ನಿದರ್ಶನದಿಂದ ವ್ಯವಹಾರದ ಬುಡವನ್ನು ತೀರ್ಮಾನಿಸಲಾಗದು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯವಾದದ್ದು. ಶಂಕರರ ಪ್ರಕಾರ ಜ್ಞಾನ ವಸ್ತುತಂತ್ರ, ಅಂದರೆ ವಸ್ತುವಿಗೆ ಅಧೀನ; ಕರ್ಮ ಪುರುಷತಂತ್ರ, ಅಂದರೆ ಮಾಡುವವನಿಗೆ ಅಧೀನ. ಇದು ಚಿಪ್ಪು ಎಂದು ತಿಳಿದೊಡನೆ ಬೆಳ್ಳಿ ಹೋಗುತ್ತದೆ. ಆಮೇಲೆ ಮಾಡಬೇಕಾದದ್ದು ಏನೂ ಇಲ್ಲ. ಸ್ಲೈಡಿನ ಮುಂದೆ ಕೂತವರಿಗೆ ಇದು ನುಡಿ ಫಾಂಟಿನ ಬರಹ ಎಂದು ತಿಳಿದರೆ ಫೈಲ್ ಹಾಳಾಗಿದೆ ಎಂಬ ಭ್ರಮೆ ಆ ಕ್ಷಣವೇ ಹೋಗುತ್ತದೆ, ಆದರೆ ಪರದೆಯ ಮೇಲಿನ ಪೌಂಡಿನ ಚಿಹ್ನೆ ಹೋಗುವುದಿಲ್ಲ. ಅದು ಹೋಗಲು ಫಾಂಟ್ ಸ್ಥಾಪಿಸಬೇಕು ಇಲ್ಲವೇ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಬೇಕು, ಎರಡೂ ಕರ್ಮವೇ. ಭಯ ನಿವಾರಣೆ ಜ್ಞಾನದಿಂದ, ಓದು ಕರ್ಮದಿಂದ. ಪರಿವರ್ತನೆಯಲ್ಲಿ ಎಚ್ಚರ ಬೇಕಾದ ಜಾಗಗಳೂ ಇವೆ. ‘ಧರ್ಮ’ ಎಂದು ಬರೆದಾಗ ನುಡಿಯ ಸಂಕೇತದಲ್ಲಿ ಅರ್ಕಾವತ್ತು ಮಕಾರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರೇಫ ಮಕಾರಕ್ಕಿಂತ ಮೊದಲು ಬರಬೇಕು. ಅಕ್ಷರಕ್ಕೆ ಅಕ್ಷರ ಬದಲಿಸುವ ಪರಿವರ್ತಕ ಇಲ್ಲಿ ಎಡವುತ್ತದೆ. ನುಡಿಯ ಕೋಷ್ಟಕವನ್ನು ಶ್ರೀಲಿಪಿಯ ಬರಹಕ್ಕೆ ಹಾಕಿದರೆ ಒಂದು ಕಲಸುಮೇಲೋಗರ ಹೋಗಿ ಇನ್ನೊಂದು ಬರುತ್ತದೆ, ಮೊದಲನೆಯದಕ್ಕೆ ಮರಳುವ ದಾರಿಯೂ ಮುಚ್ಚಬಹುದು. ಆದ್ದರಿಂದ ಪರಿವರ್ತನೆಗೆ ಮುನ್ನ ಸ್ಲೈಡಿನ ಒಂದು ಪದವನ್ನು ಆರಿಸಿ ಅದರ ಫಾಂಟಿನ ಹೆಸರನ್ನು ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಫಾಂಟ್ ಇಲ್ಲದಿದ್ದರೂ ಅದರ ಹೆಸರು ಫೈಲಿನಲ್ಲಿ ಉಳಿದಿರುತ್ತದೆ.

ಮೂರನೆಯ ಸ್ಥಿತಿಗೆ ಬಂದರೆ ವೇದಾಂತದ ಮಾತು ಇಷ್ಟು ಸರಾಗವಾಗಿ ಹೊಂದುವುದಿಲ್ಲ. ವಸ್ತು ಎಂದೂ ಕೆಡದು ಎಂಬುದು ಬ್ರಹ್ಮದ ವಿಷಯದ ಮಾತು. ಫ್ಲಾಪಿಯ ಕಾಂತೀಯ ಲೇಪಕ್ಕೆ ಅದು ಅನ್ವಯಿಸದು. ಬೂಷ್ಟು ಹಿಡಿದ ಫ್ಲಾಪಿ, ಅರ್ಧ ಕಾಪಿಯಾಗುತ್ತಿದ್ದಾಗಲೇ ಎಳೆದ ಪೆನ್‌ಡ್ರೈವ್, ಇವುಗಳಲ್ಲಿ ಬೈಟುಗಳು ನಿಜವಾಗಿ ನಾಶವಾಗುತ್ತವೆ. ಹಳೆಯ ಪಿಪಿಟಿಯ ವಿಡಿಯೊಗಳ ಕಥೆ ಬೇರೆ: ಅವು ಫೈಲಿನೊಳಗೆ ಎಂದೂ ಇರಲಿಲ್ಲ. ವಿಡಿಯೊ ಇದ್ದ ಫೋಲ್ಡರಿನ ವಿಳಾಸವಷ್ಟೇ ಒಳಗಿರುತ್ತಿತ್ತು, ಆದ್ದರಿಂದ ಪಿಪಿಟಿಯೊಂದನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದವರು ವಿಡಿಯೊವನ್ನು ಹಳೆಯ ಕಂಪ್ಯೂಟರಿನಲ್ಲೇ ಬಿಟ್ಟು ಬಂದಿರುತ್ತಾರೆ.

ನಿಜವಾದ ನಾಶವನ್ನು ನಾಶವೆಂದೇ ಒಪ್ಪಿ ವಿಚಾರಿಸುವ ದರ್ಶನ ಶ್ರವಣಬೆಳಗೊಳದ್ದು. ಶಬ್ದ ನಿತ್ಯ, ಉಚ್ಚಾರಣೆ ಅದನ್ನು ಪ್ರಕಟಪಡಿಸುತ್ತದೆ ಅಷ್ಟೇ ಎಂದು ಮೀಮಾಂಸಕರು ಹೇಳಿದರೆ, ಜೈನರು ಶಬ್ದವನ್ನು ಪುದ್ಗಲದ, ಅಂದರೆ ಜಡದ್ರವ್ಯದ ಪರ್ಯಾಯ (ಬದಲಾಗುವ ಸ್ಥಿತಿ) ಎಂದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಇರುವ ಪ್ರತಿಯೊಂದರಲ್ಲೂ ಹುಟ್ಟು, ಅಳಿವು, ಸ್ಥಿರತೆ ಮೂರೂ ಒಟ್ಟಿಗೆ ಇರುತ್ತವೆ ಎಂಬುದು ಅದೇ ಸೂತ್ರಗ್ರಂಥದ ನಿಲುವು. ಪಿಪಿಟಿಯನ್ನು ಪಿಡಿಎಫ್‌ಗೆ ಬದಲಿಸಿದಾಗ ಒಂದು ಪರ್ಯಾಯ ಅಳಿದು ಇನ್ನೊಂದು ಹುಟ್ಟುತ್ತದೆ. ಮಾತು, ಚಿತ್ರ, ಸ್ಲೈಡುಗಳ ಕ್ರಮ ಉಳಿಯುತ್ತವೆ. ಅನಿಮೇಶನ್ ಹೋಗುತ್ತದೆ, ಮಾತಾಡುವವರು ಕೆಳಗೆ ಬರೆದುಕೊಂಡ ಟಿಪ್ಪಣಿಯೂ ಸಾಮಾನ್ಯವಾಗಿ ಹೋಗುತ್ತದೆ. ದ್ರವ್ಯದ ನಯದಿಂದ, ಅಂದರೆ ದ್ರವ್ಯದ ದೃಷ್ಟಿಯಿಂದ, ಇದು ಅದೇ ಪ್ರೆಸೆಂಟೇಶನ್, ಪರ್ಯಾಯದ ನಯದಿಂದ ಬೇರೆ. ಏನೂ ಹೋಗಿಲ್ಲ ಎಂಬ ಸಮಾಧಾನಕ್ಕೂ ಎಲ್ಲ ಹೋಯಿತು ಎಂಬ ಹತಾಶೆಗೂ ವಸ್ತುವನ್ನು ಹಲವು ನಯಗಳಿಂದ ನೋಡುವ ಜೈನರ ಅನೇಕಾಂತವಾದ ಎಡೆಗೊಡುವುದಿಲ್ಲ. ಹಳೆಯ ಫೈಲಿನ ವಿಚಾರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ನಿಲುವು ಸಿಗುವುದು ಕಷ್ಟ.

ಅಕ್ಷರರೂಪದ ದ್ರವ್ಯಶ್ರುತ ಬೇರೆ, ಅರ್ಥದ ಅರಿವಾದ ಭಾವಶ್ರುತ ಬೇರೆ ಎಂದೂ ಜೈನರು ವಿಂಗಡಿಸಿದರು. ಈ ಭೇದ ಎಷ್ಟು ನಿಜವೆಂಬುದಕ್ಕೆ ದಿಗಂಬರ ಜೈನರ ಆಗಮಗ್ರಂಥವಾದ ಷಟ್ಖಂಡಾಗಮದ ಚರಿತ್ರೆಯೇ ಸಾಕ್ಷಿ. ಶ್ರುತ ನಶಿಸೀತೆಂಬ ಆತಂಕದಿಂದ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಎಂಬ ಇಬ್ಬರಿಗೆ ಕಲಿಸಿದ್ದು, ಅವರು ಅದನ್ನು ಗ್ರಂಥವಾಗಿಸಿದ್ದು ಜೈನ ಪರಂಪರೆಯ ನಂಬಿಕೆ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿ ಆ ನೆನಪಿನ ಹಬ್ಬ. ಆ ಗ್ರಂಥಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದವು. ಅಲ್ಲಿ ಅವು ಶತಮಾನಗಳ ಕಾಲ ದರ್ಶನಕ್ಕೆ, ಪೂಜೆಗೆ ದೊರೆತವೇ ಹೊರತು ಓದಿಗೆ ದೊರೆಯಲಿಲ್ಲ. ಪ್ರತಿ ಮಾಡುವ ಕೆಲಸ ನಡೆದು, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಅಚ್ಚಾಗತೊಡಗಿದ ಮೇಲೆ ಗ್ರಂಥ ವಿದ್ವಾಂಸರ ಕೈ ಸೇರಿತು. ನಡುವಿನ ಕಾಲದಲ್ಲಿ ದ್ರವ್ಯಶ್ರುತ ಪೂರ್ಣವಾಗಿತ್ತು, ಭಾವಶ್ರುತ ನಿಂತುಹೋಗಿತ್ತು. ತೆರೆಯದ ಫೈಲನ್ನು ಹಾರ್ಡ್‌ಡಿಸ್ಕಿನಲ್ಲಿ ಜೋಪಾನ ಮಾಡಿದವರು ಇರಿಸಿಕೊಂಡಿರುವುದೂ ದ್ರವ್ಯಶ್ರುತವನ್ನು ಮಾತ್ರ. ಅದು ಸಣ್ಣ ಕೆಲಸವಲ್ಲ. ಅದಿಲ್ಲದೆ ಎರಡನೆಯದು ಎಂದಿಗೂ ಸಾಧ್ಯವಿಲ್ಲ.

ನಾಶವನ್ನು ಮೊದಲೇ ಎದುರುನೋಡಿ ಪಾಠವನ್ನು ಕಟ್ಟುವ ವಿಧಾನಕ್ಕೆ ಇದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ನೆಲೆಯಿದೆ. ಕಾವೇರಿ ತೀರದ ರುದ್ರಪಟ್ಟಣ ಸಂಗೀತಗಾರರ ಊರೆಂದು ಹೆಸರಾದದ್ದು, ಆರ್. ಕೆ. ಶ್ರೀಕಂಠನ್ ಅಲ್ಲಿಯವರು. ಅಲ್ಲಿನ ಸಂಕೇತಿ ಸಮುದಾಯಕ್ಕೆ ಸಂಗೀತದಷ್ಟೇ ವೇದಪಾಠವೂ ಪರಂಪರೆಯಿಂದ ಬಂದದ್ದು. ವೇದವನ್ನು ಸಂಹಿತೆಯಾಗಿ, ಪದಪದವಾಗಿ, ಕ್ರಮವಾಗಿ, ಜಟೆಯಾಗಿ, ಘನವಾಗಿ ಹೇಳುವ ಪದ್ಧತಿಯಿದೆ. ಕ್ರಮದಲ್ಲಿ ಒಂದು-ಎರಡು, ಎರಡು-ಮೂರು ಎಂದು ಪದಗಳು ಜೋಡಿಯಾಗಿ ಬರುತ್ತವೆ. ಜಟೆಯಲ್ಲಿ ಪ್ರತಿ ಜೋಡಿಯನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೇಳಬೇಕು. ಒಂದು ಪದ ಅಥವಾ ಸ್ವರ ಜಾರಿದರೆ ಪಕ್ಕದ ಜೋಡಿಗಳು ಹೊಂದದೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಪಿಪಿಟಿಎಕ್ಸ್ ಕೂಡ ಒಳಗಿನ ಪ್ರತಿ ಭಾಗಕ್ಕೆ ಅದರ ಬೈಟುಗಳಿಂದಲೇ ಲೆಕ್ಕಹಾಕಿದ ಒಂದು ತಾಳೆಸಂಖ್ಯೆಯನ್ನು ಇಟ್ಟುಕೊಂಡಿರುತ್ತದೆ. ಆದ್ದರಿಂದ ಒಂದು ಸ್ಲೈಡ್ ಕೆಟ್ಟರೆ ಯಾವುದು ಕೆಟ್ಟಿತೆಂದು ಗೊತ್ತಾಗುತ್ತದೆ. ಪ್ರತಿಯ ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಸ್ಲೈಡ್ಸ್ ಎಂಬ ಫೋಲ್ಡರಿನಲ್ಲಿ ಒಂದೊಂದು ಸ್ಲೈಡಿನ ಬರಹವೂ, ಮೀಡಿಯಾ ಎಂಬ ಫೋಲ್ಡರಿನಲ್ಲಿ ಚಿತ್ರಗಳೂ ಬೇರೆ ಬೇರೆಯಾಗಿ ಸಿಗುತ್ತವೆ. ಕೆಟ್ಟದ್ದನ್ನು ಬಿಟ್ಟು ಉಳಿದುದನ್ನು ಎತ್ತಿಕೊಳ್ಳಬಹುದು. ಹಳೆಯ ಪಿಪಿಟಿಗೆ ಈ ಸೌಕರ್ಯವಿಲ್ಲ. ಎರಡು ತಾಳೆಗಳಿಗೂ ಒಂದು ಭೇದವುಂಟು: ತಾಳೆಸಂಖ್ಯೆ ತಪ್ಪನ್ನು ತೋರಿಸುತ್ತದೆಯೇ ಹೊರತು ತಿದ್ದಲಾರದು, ಘನಪಾಠಿ ತಿದ್ದಬಲ್ಲ, ಏಕೆಂದರೆ ಒಂದೇ ಪದ ಅವನ ಬಾಯಲ್ಲಿ ಹಲವು ಸಲ ಬಂದಿರುತ್ತದೆ.

ಒಂದೇ ಮಾತನ್ನು ಹಲವು ರೂಪಗಳಲ್ಲಿ ಇಡುವ ಜಾಣ್ಮೆ ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲೂ ಇದೆ. ಗೊಮ್ಮಟನ ಪಾದದ ಬಳಿ ಚಾವುಂಡರಾಯನು ಈ ಮೂರ್ತಿಯನ್ನು ಮಾಡಿಸಿದನೆಂಬ ಸಂಗತಿಯನ್ನು ಕನ್ನಡದಲ್ಲೂ ತಮಿಳಿನಲ್ಲೂ ನಾಗರಿ ಲಿಪಿಯ ಮರಾಠಿಯಲ್ಲೂ ಕೆತ್ತಿದ್ದಾರೆ. ಒಂದು ಲಿಪಿ ಓದಲು ಬಾರದವರಿಗೆ ಇನ್ನೊಂದರಲ್ಲಿ ಅದೇ ವಿಷಯ ಸಿಗುತ್ತದೆ. ಪ್ರೆಸೆಂಟೇಶನ್ನಿನ ಮೂಲ ಫೈಲ್, ಯೂನಿಕೋಡ್ ಪಿಪಿಟಿಎಕ್ಸ್, ಪಿಡಿಎಫ್, ಬರಿಯ ಪಠ್ಯ ಎಂದು ನಾಲ್ಕನ್ನೂ ಇಡಬೇಕೆಂದು ಹೇಳುವುದು ಇದೇ ಕಾರಣಕ್ಕೆ. ಪರಿವರ್ತನೆಯಾದ ಮೇಲೆ ಮೂಲವನ್ನು ಅಳಿಸುವುದು ಮಾತ್ರ ಕೂಡದು. ಇಂದಿನ ಪರಿವರ್ತಕ ಎಡವಿದ ಅರ್ಕಾವತ್ತನ್ನು ಮುಂದಿನದು ಸರಿಪಡಿಸಬೇಕಾದರೆ ಮೂಲದ ಬೈಟುಗಳೇ ಬೇಕು.

ಎಲ್ಲ ಪ್ರಯತ್ನದ ನಂತರವೂ ಉಳಿಯದೆ ಹೋದದ್ದನ್ನು ಏನು ಮಾಡಬೇಕೆಂಬುದಕ್ಕೆ ಶಾಸನತಜ್ಞರ ಪದ್ಧತಿ ಮಾದರಿಯಾಗಬಲ್ಲದು. ಬಿ. ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ 1923ರಲ್ಲಿ ಬಂತು. ಚಂದ್ರಗಿರಿಯ ಬಂಡೆಯ ಮೇಲಿನ ಬರಹಗಳಲ್ಲಿ ಕೆಲವು ಸವೆದಿವೆ. ಓದಲಾಗದ ಅಕ್ಷರಗಳ ಜಾಗದಲ್ಲಿ ಸಂಪಾದಕರು ಚುಕ್ಕೆಗಳನ್ನು ಅಚ್ಚು ಮಾಡಿಸುತ್ತಾರೆ. ಊಹೆಯಿಂದ ತುಂಬಿದ್ದನ್ನು ಕಂಸದಲ್ಲಿಟ್ಟು ಬೇರೆಮಾಡುತ್ತಾರೆ. ಉಳಿದ ಸಾಲನ್ನು ಅದಕ್ಕಾಗಿ ಬಿಡುವುದಿಲ್ಲ, ಹೋದ ಅಕ್ಷರವನ್ನು ಇದ್ದಂತೆ ತೋರಿಸುವುದೂ ಇಲ್ಲ. ಪ್ರೆಸೆಂಟೇಶನ್ ಫೈಲಿನ ಜೊತೆಗೂ ಇಂಥದೊಂದು ಟಿಪ್ಪಣಿ ಇರಬೇಕು: ಫೈಲಿನ ಮೊದಲ ಬೈಟುಗಳು ಯಾವುವು, ಯಾವ ತಂತ್ರಾಂಶಗಳಲ್ಲಿ ತೆರೆದು ನೋಡಲಾಯಿತು, ಬರಹ ಯಾವ ಫಾಂಟಿನದು, ಯಾವ ಪರಿವರ್ತಕ ಬಳಸಲಾಯಿತು, ಎಷ್ಟನೆಯ ಸ್ಲೈಡಿನಲ್ಲಿ ಏನು ಸಿಗಲಿಲ್ಲ, ಯಾವ ಪದವನ್ನು ಊಹಿಸಿ ತುಂಬಲಾಗಿದೆ.